ಬಡಿಸುವವಳ ಪಾಲು

ನಮ್ಮ ಊರಲ್ಲಿ ಒಂಬತ್ತು ಓಣಿ, ಒಂಬತ್ತೂ ಯಂತ್ರದೊಳಗೆ. ಹೊರಗೆ ಇರುವುದು ಒಂದು ಬಯಲು, ಬಯಲಿನ ನಡುವೆ ಒಂದು ಹುಣಸೆಮರ, ಒಂದು ಅಂಚಿಗೆ ಯಂತ್ರದ ಮನೆ, ಉಳಿದ ಅಂಚಿನುದ್ದಕ್ಕೂ ಒಂಬತ್ತು ಕಲ್ಲಿನ ಕಮಾನು. ಕುಂಬಾರ ಓಣಿಯ ಕಮಾನಿನ ಕೆಳಗೆ ಕಾಲಿಟ್ಟರೆ ಕುಂಬಾರ ಓಣಿ, ಚಾಪೆ ಓಣಿಯ ಕಮಾನಿನ ಕೆಳಗೆ ಕಾಲಿಟ್ಟರೆ ಚಾಪೆ ಓಣಿ. ಕಮಾನಿನ ಹಿಂದಕ್ಕೆ ಹೋಗಿ ನೋಡಿದರೆ ಬರೀ ಜಾಲಿ ಕಂಟಿ. ಪರ ಊರಿನವರು ಬಂದರೆ ಮೊದಲು ಹಿಂದಕ್ಕೆ ಹೋಗಿ ನೋಡುತ್ತಾರೆ, ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ವಾಪಸು ಬರುತ್ತಾರೆ. ನಮ್ಮವರು ಯಾರೂ ಹೋಗುವುದಿಲ್ಲ.

ನಾನು ಗುರುಪಾದ, ಯಂತ್ರ ನೋಡಿಕೊಳ್ಳುವವನು. ಯಂತ್ರ ನೋಡಿಕೊಳ್ಳುವವನು ಓಣಿಯೊಳಗೆ ವಾಸ ಮಾಡುವಂತಿಲ್ಲ ಎಂಬುದು ಹಿಂದಿನಿಂದ ಬಂದ ಕಟ್ಟಳೆ. ಬಾವಿಗೆ ಬಿದ್ದವನನ್ನು ಎತ್ತುವವನು ಬಾವಿಯ ಮೇಲಿರಬೇಕಲ್ಲ. ಹಾಗಾಗಿ ಹತ್ತೊಂಬತ್ತು ವರ್ಷದಿಂದ ನನ್ನ ಊಟ, ನಿದ್ದೆ ಎಲ್ಲ ಯಂತ್ರದ ಮನೆಯ ಪಡಸಾಲೆಯಲ್ಲಿ. ಯಂತ್ರದ ಜೊತೆ ಬಂದ ದಪ್ಪ ಪುಸ್ತಕದಲ್ಲಿ ಒಂದೊಂದು ಓಣಿಗೂ ವರ್ಚುವಲ್ ಮಷೀನ್ ಎಂದು ಬರೆದಿದೆ. ಅದನ್ನು ಓದಿದವನು ಊರಲ್ಲಿ ನಾನೊಬ್ಬನೇ, ಆದ್ದರಿಂದ ಹಾಗೆ ಕರೆಯುವವನೂ ನಾನೊಬ್ಬನೇ. ಉಳಿದವರಿಗೆ ಓಣಿ ಅಂದರೆ ಓಣಿ.

ಯಂತ್ರದ ಶಕ್ತಿ ಒಟ್ಟು ಮೂವತ್ತೆರಡು ಪಾಲು. ಓಣಿಗೆ ಮೂರರಂತೆ ಇಪ್ಪತ್ತೇಳು ಹೋದರೆ ಐದು ಉಳಿಯುತ್ತದೆ, ಆ ಐದು ಯಂತ್ರಕ್ಕೇ ಬೇಕು. ಮೂರು ಪಾಲಿದ್ದರೆ ಓಣಿ ಓಣಿಯಂತಿರುತ್ತದೆ. ಎರಡಕ್ಕೆ ಇಳಿದರೆ ಕೊಡ ತುಂಬಲು ಹೊತ್ತು ಹಿಡಿಯುತ್ತದೆ, ಕೂಗಿದ್ದು ಆಚೆ ಮನೆಗೆ ಕೇಳುವಷ್ಟರಲ್ಲಿ ಕೂಗಿದವರು ಯಾಕೆ ಕೂಗಿದೆವೆಂದು ಮರೆತಿರುತ್ತಾರೆ. ಪಾಲು ಹೆಚ್ಚಿದರೆ ಬೀದಿ ಅಗಲವಾಗುತ್ತದೆ, ಒಲೆ ಚುರುಕಾಗುತ್ತದೆ, ಎಷ್ಟು ಜನ ಬಂದರೂ ಪಂಕ್ತಿಗೆ ಜಾಗ ಸಿಗುತ್ತದೆ. ಅದಕ್ಕೇ ಮದುವೆಯಲ್ಲಿ ನಮ್ಮವರು ಮುಯ್ಯಿ ಮಾಡುವುದು ಪಾಲಿನಲ್ಲಿ. ಒಂದೊಂದು ಓಣಿ ತನ್ನದೊಂದು ಪಾಲನ್ನು ಒಂದು ದಿನದ ಮಟ್ಟಿಗೆ ಮದುವೆಯ ಓಣಿಗೆ ಬಿಟ್ಟುಕೊಟ್ಟು ತಾನು ಎರಡರಲ್ಲೇ ದಿನ ತಳ್ಳುತ್ತದೆ. ಓಣಿಯ ಹಿರಿಯರು ಬಂದು, "ನಮ್ಮದೊಂದು ಹಾಕಪಾ" ಎನ್ನುತ್ತಾರೆ, ನಾನು ಹಾಕುತ್ತೇನೆ. ನಾಳೆ ಇವರ ಮನೆಯ ಮದುವೆಗೆ ಅವರು ಹಾಕುತ್ತಾರೆ.

ಯಂತ್ರದ ಐದು ಪಾಲನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ನನ್ನ ಮುಂಚೆ ಯಂತ್ರ ನೋಡಿಕೊಂಡಿದ್ದ ವೀರಸಂಗಯ್ಯನವರು ಗೋಡೆಯ ಮೇಲೆ ಇದ್ದಿಲಿನಲ್ಲಿ ದಪ್ಪಗೆ ಬರೆದಿಟ್ಟಿದ್ದಾರೆ: 'ಬಡಿಸುವವಳಿಗೆ ತೆಗೆದಿಟ್ಟು ಬಡಿಸು.' ಪ್ರತಿ ವರ್ಷ ಸುಣ್ಣ ಹೊಡೆಸುವಾಗ ಆ ಸಾಲನ್ನು ಬಿಟ್ಟು ಸುತ್ತ ಹೊಡೆಸುತ್ತೇನೆ. ದಿನಾ ಕಣ್ಣಿಗೆ ಬೀಳುವ ಮಾತು ಮನಸ್ಸಿಗೆ ಬೀಳುವುದಿಲ್ಲ ಎಂಬುದು ನನಗೆ ಆವತ್ತು ಗೊತ್ತಾಯಿತು.

ಆವತ್ತು ಇದ್ದದ್ದು ನನ್ನ ಅಕ್ಕನ ಮದುವೆ. ಹೆಸರು ನೀಲಗಂಗವ್ವ, ಎಲ್ಲರಿಗೂ ನೀಲಕ್ಕ, ವಯಸ್ಸು ಐವತ್ತಮೂರು. ಮೂವತ್ತಾರಕ್ಕೆ ಗಂಡನನ್ನು ಕಳೆದುಕೊಂಡ ಮೇಲೆ ಸೂಜಿ ಓಣಿಯ ಕೊನೆಯ ಮನೆಯಲ್ಲಿ ಒಬ್ಬಳೇ ಇದ್ದು ಕೌದಿ ಹೊಲಿದುಕೊಂಡು ಬದುಕಿದಳು. ಹತ್ತಿ ಓಣಿಯಲ್ಲಿ ಗಾದಿ ಮಾಡುವ ಸಂಗಪ್ಪ ತನ್ನ ಗಾದಿಗಳಿಗೆ ಅವಳ ಕೈಯಲ್ಲೇ ಹೊದಿಕೆ ಹೊಲಿಸುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಅವನು ಯಂತ್ರದ ಮನೆಗೆ ಬಂದು, ಕಾಲೊರೆಸುವ ತಟ್ಟಿನ ಮೇಲೇ ನಿಂತು, ನಿಮ್ಮ ಅಕ್ಕನನ್ನು ಮದುವೆಯಾಗುತ್ತೇನೆ, ಅವಳಿಗೂ ಮನಸ್ಸಿದೆ ಎಂದು ಹೇಳಿದ. ಒಳಗೆ ಬನ್ನಿ ಅನ್ನುವಷ್ಟು ಸೌಜನ್ಯವೂ ನನಗಾಗ ಇರಲಿಲ್ಲ.

ಗಂಡ ಸತ್ತ ಹೆಣ್ಣಿಗೆ ನಮ್ಮಲ್ಲಿ ಎರಡನೆಯ ಮದುವೆ ಇಲ್ಲವೆಂದಲ್ಲ. ಇದೆ. ಆದರೆ ಅದು ದೀಪ ಹಚ್ಚಿದ ಮೇಲೆ, ಬಾಗಿಲು ಮುಚ್ಚಿ, ಹಲಗೆಯ ವಾದ್ಯ ಇಲ್ಲದೆ, ಅಕ್ಷತೆಯ ಅಕ್ಕಿಕಾಳು ಇಲ್ಲದೆ, ಒಂದು ಸೀರೆ ಉಡಿಸಿ ಹಿತ್ತಲ ಬಾಗಿಲಿನಿಂದ ಕಳಿಸುವ ಮದುವೆ. ನಾನು ಅಕ್ಕನಿಗೆ ಅದನ್ನೇ ಹೇಳಿದೆ. ಮಾಡಿಕೊಳ್ಳುವುದಿದ್ದರೆ ಹಾಗೆ ಮಾಡಿಕೋ, ಜನ ಆಡಿಕೊಳ್ಳುವುದು ಬೇಡ ಎಂದೆ. ಅವಳು ಹೊಲಿಗೆಯಿಂದ ತಲೆ ಎತ್ತದೆ, "ಕತ್ತಲಾಗ ಮಾಡೂದಕ್ಕ ಕಳುವು ಅಂತಾರ. ನಾ ಕಳುವು ಮಾಡಂಗಿಲ್ಲೋ ತಮ್ಮಾ" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು. ಹನ್ನೊಂದು ವರ್ಷ ನನಗೆ ಎರಡೂ ಹೊತ್ತು ರೊಟ್ಟಿ ಕಳಿಸಿದಳು, ನನ್ನ ಮುಂದೆ ಕೂತು ಮಾತ್ರ ಉಣ್ಣಲಿಲ್ಲ.

ಮದುವೆಗೆ ಎಂಟು ದಿನ ಮುಂಚೆ, ಅಮಾವಾಸ್ಯೆಯ ಮರುದಿನ, ಸಂಗಪ್ಪ ಗಾದಿ ಹೊತ್ತುಕೊಂಡು ಸೂಜಿ ಓಣಿಯ ಕಮಾನಿನ ಮುಂದೆ ದಣಿವಾರಿಸಿಕೊಳ್ಳುತ್ತಿದ್ದ. ಅವನ ತಲೆ ಪೂರ್ತಿ ಬೆಳ್ಳಗಾಗಿತ್ತು. ದಿನಾ ನೋಡುವ ತಲೆಯೇ, ನನಗೆ ಅವತ್ತು ಕಂಡಿತು. ಈ ಮನುಷ್ಯನ ಕೂದಲು ನಾನು ನರೆಸಿದೆ ಅನ್ನಿಸಿತು. ಸಂಜೆ ಅಕ್ಕನ ಅಡುಗೆಮನೆಗೆ ಹೋಗಿ, "ಅಕ್ಕಾ, ತಪ್ಪು ನಂದು. ಹಗಲಿನ್ಯಾಗ ಎಲ್ಲಾರ ಮುಂದ ಮದುವಿ ಮಾಡ್ಕೊ. ನಾ ಮುಂದ ನಿಂತ ಮಾಡ್ತೀನಿ" ಎಂದೆ. ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು. ಇನ್ನೆರಡು ರೊಟ್ಟಿ ಬಡಿದು, ಬೇಯಿಸಿ, ಆಮೇಲೆ "ಹೂಂ" ಎಂದಳು. ಅವತ್ತು ನನ್ನ ಮುಂದೆ ಕೂತು ಉಂಡಳು.

ಅಮಾವಾಸ್ಯೆಯ ಮಾತು ಯಾಕೆ ಹೇಳಿದೆನೆಂದರೆ, ಪ್ರತಿ ಅಮಾವಾಸ್ಯೆಗೆ ನಾನು ಓಣಿಗಳ ಪ್ರತಿ ತೆಗೆದಿಡುತ್ತೇನೆ. ಓಣಿ ಹೇಗಿದೆಯೋ ಹಾಗೆ, ಒಳಗಿನ ಜನರ ಸಮೇತ. ಏನಾದರೂ ಹೆಚ್ಚುಕಡಿಮೆಯಾದರೆ ಆ ಪ್ರತಿಯಿಂದ ಓಣಿಯನ್ನು ಮತ್ತೆ ಎಬ್ಬಿಸಬಹುದು. ಆದರೆ ಓಣಿ ಅಮಾವಾಸ್ಯೆಯ ದಿನಕ್ಕೇ ಏಳುತ್ತದೆ. ಆಮೇಲೆ ನಡೆದದ್ದು ಒಳಗಿನವರ ಮಟ್ಟಿಗೆ ನಡೆದೇ ಇಲ್ಲ. ಮದುವೆಯ ಬೆಳಿಗ್ಗೆ ಹೊಸದೊಂದು ಪ್ರತಿ ತೆಗೆಯಬೇಕಿತ್ತು. ಪ್ರತಿ ತೆಗೆಯುವಾಗ ಓಣಿ ಅರ್ಧ ಗಂಟೆ ನಿಲ್ಲಬೇಕಾಗುತ್ತದೆ. ಅಕ್ಕನಿಗೆ ಅರಿಶಿನ ಹಚ್ಚುತ್ತಿದ್ದರು, ಹಾಡುತ್ತಿದ್ದರು. ನಿಲ್ಲಿಸಲು ಮನಸ್ಸು ಬರಲಿಲ್ಲ.

ಎಂಟೂ ಓಣಿಯ ಹಿರಿಯರು ಬಂದು ಮುಯ್ಯಿ ಹಾಕಿಸಿ ಹೋದರು. ಸೂಜಿ ಓಣಿಯ ಮೂರಕ್ಕೆ ಎಂಟು ಸೇರಿ ಹನ್ನೊಂದಾಯಿತು. ನಾನು ಪರದೆಯ ಮುಂದೆ ಕೂತೇ ಇದ್ದೆ. ಊರಿನವರೆಲ್ಲ ಕೊಟ್ಟರು, ಒಡಹುಟ್ಟಿದವನು ಏನು ಕೊಟ್ಟ? ಓಣಿಯಿಲ್ಲದವನಿಗೆ ಪಾಲೆಲ್ಲಿಯದು. ಕಣ್ಣು ಯಂತ್ರದ ಐದರ ಮೇಲೆ ಹೋಯಿತು. ಒಂದು ಇಟ್ಟರೆ ಒಂದು ದಿನ ತಳ್ಳಬಹುದು ಎಂದುಕೊಂಡು ನಾಲ್ಕನ್ನು ತೆಗೆದು ಸೂಜಿ ಓಣಿಗೆ ಹಾಕಿಬಿಟ್ಟೆ. ಹದಿನೈದು. ನಮ್ಮ ಊರಿನ ಯಾವ ಮದುವೆಯೂ ಹದಿನೈದು ಪಾಲು ಕಂಡಿರಲಿಲ್ಲ. ಹನ್ನೊಂದು ವರ್ಷದ್ದನ್ನು ಒಂದು ಬೆಳಿಗ್ಗೆಯಲ್ಲಿ ತೀರಿಸುವ ಹುಮ್ಮಸ್ಸು ನನಗೆ, ಅದೂ ಬೇರೆಯವರ ಬುತ್ತಿಯಿಂದ.

ಕಾಲು ಗಂಟೆ ನೋಡುವಂತಿತ್ತು. ಸೂಜಿ ಓಣಿಯ ಬೀದಿ ಎರಡು ಚಕ್ಕಡಿ ಒಟ್ಟಿಗೆ ಹೋಗುವಷ್ಟು ಅಗಲವಾಯಿತು, ಚಪ್ಪರ ಅದರ ಜೊತೆ ಹಿಗ್ಗಿತು, ಹುಗ್ಗಿಯ ಕಡಾಯಿ ಇಟ್ಟ ಗಳಿಗೆಗೆ ಕುದಿಯಿತು. ನಾನು ಕಮಾನಿನ ಹತ್ತಿರ ನಿಂತು, ಇದೆಲ್ಲ ನನ್ನದೇ ಎಂಬಂತೆ ನಗುತ್ತಿದ್ದೆ. ಮದುಮಗ ಹೊಕ್ಕ ಮೇಲೆಯೇ ಬೇರೆ ಓಣಿಯವರು ಹೋಗಬೇಕು ಎಂಬುದು ಪದ್ಧತಿ. ಸಂಗಪ್ಪ ರುಮಾಲು ಸುತ್ತಿಕೊಂಡು, ಮುಂದೆ ಹಲಗೆ ಬಾರಿಸಿಕೊಂಡು ಬಂದ. ಕಮಾನಿನ ಕೆಳಗೆ ಕಾಲಿಟ್ಟ. ಕಾಲು ಗೋಡೆಗೆ ಬಡಿದಂತೆ ಬಡಿದು ನಿಂತಿತು.

ಒಳಗೆ ಎಲ್ಲ ಇದ್ದಲ್ಲೇ ಇತ್ತು. ಒಬ್ಬಳು ಸೌಟಿನಿಂದ ಹುಗ್ಗಿ ಸುರಿಯುತ್ತಿದ್ದಳು, ಹುಗ್ಗಿ ಅರ್ಧಕ್ಕೆ ಇಳಿದು ನಿಂತಿತ್ತು. ಹಲಗೆಯ ಸದ್ದು ಕೇಳಿ ಕಮಾನಿನ ಕಡೆ ತಿರುಗುತ್ತಿದ್ದ ನೀಲಕ್ಕನ ಮುಖ ಅರ್ಧ ತಿರುಗಿ ಹಾಗೇ ಉಳಿದಿತ್ತು. ಕೆನ್ನೆಯ ಅರಿಶಿನ ಕಾಣುತ್ತಿತ್ತು, ಕಣ್ಣು ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಹಲಗೆಯವರು ಇನ್ನೊಂದು ಸುತ್ತು ಬಾರಿಸಿ ತಾವೇ ನಿಲ್ಲಿಸಿದರು.

ಓಡಿಹೋಗಿ ಯಂತ್ರ ನೋಡಿದೆ. ಕೆಂಪು ದೀಪ ಆರದೆ ಉರಿಯುತ್ತಿತ್ತು. ಮೌಸ್ ಎಳೆದರೆ ಬಾಣ ಕದಲುತ್ತಿರಲಿಲ್ಲ. ಒಂದಕ್ಷರ ಒತ್ತಿದರೆ ಅದು ಪರದೆಗೆ ಬರುವಷ್ಟರಲ್ಲಿ ಒಂದು ಬೀಡಿ ಸೇದಿ ಮುಗಿಸಬಹುದಿತ್ತು. ಕೂತು ಕೆಲಸ ಮಾಡಲು ಯಂತ್ರಕ್ಕೆ ಜಾಗವೇ ಇರಲಿಲ್ಲ. ತನ್ನ ಸಾಮಾನನ್ನೆಲ್ಲ ಹಿಂದಿನ ಉಗ್ರಾಣಕ್ಕೆ ಒಟ್ಟಿ, ಒಂದೊಂದು ಕೆಲಸಕ್ಕೂ ಉಗ್ರಾಣಕ್ಕೆ ಹೋಗಿ ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಕೇಳುತ್ತಿದ್ದ ಸೂಜಿ ಓಣಿ ಪೂರ್ತಿ ನಿಂತಿತು, ಉಳಿದ ಎಂಟು ಕುಂಟುತ್ತ ನಡೆದಿದ್ದವು.

ಯಂತ್ರಕ್ಕೆ ಓಣಿ ಮುಚ್ಚಿಸುವ ಎರಡು ಗುಂಡಿ ಇವೆ. ಹಸಿರು ಗುಂಡಿ ಕದ ತಟ್ಟುತ್ತದೆ: ಓಣಿಯ ಕೊನೆಯ ಮನೆಯಲ್ಲಿ ಗಂಟೆ ಬಾರಿಸುತ್ತದೆ, ಆ ಮನೆಯವರು ಒಲೆ ದೀಪ ಎಲ್ಲ ಆರಿಸಿ, ಜನರನ್ನು ಹೊರಗೆ ಕಳಿಸಿ, ಅಗಳಿ ಎಳೆದು ಬರುತ್ತಾರೆ. ಹಾಗೆ ಮುಚ್ಚಿದ ಓಣಿಯಲ್ಲಿ ಒಂದು ಸೂಜಿಯೂ ಕಳೆಯುವುದಿಲ್ಲ. ಕರಿ ಗುಂಡಿ ಕದ ಒಡೆಯುತ್ತದೆ. ಓಣಿ ಆ ಕ್ಷಣಕ್ಕೆ ಆರಿ, ಅಮಾವಾಸ್ಯೆಯ ಪ್ರತಿಯಿಂದ ಏಳುತ್ತದೆ. ಹಸಿರು ಗುಂಡಿಯನ್ನು ನಾಲ್ಕು ಸಲ ಒತ್ತಿದೆ, ಗಂಟೆ ಬಾರಿಸಲಿಲ್ಲ. ಆಮೇಲೆ, ಬುದ್ಧಿ ನೆಟ್ಟಗಿರಲಿಲ್ಲ, ಒಮ್ಮೆ ಕರಿ ಗುಂಡಿಯನ್ನೂ ಒತ್ತಿದೆ. ಯಂತ್ರಕ್ಕೆ ಅದೂ ಕೇಳಿಸಲಿಲ್ಲ. ಒತ್ತಿದ ಮೇಲೆ ನನಗೆ ಅಮಾವಾಸ್ಯೆ ನೆನಪಾಯಿತು, ಅದರ ಮರುದಿನದ ರೊಟ್ಟಿ ನೆನಪಾಯಿತು. ಒತ್ತಿದ್ದನ್ನು ಯಾರಿಗೂ ಹೇಳಲಿಲ್ಲ.

ಬಯಲಿಗೆ ಬಂದು, "ಹೊರಿ ಜಾಸ್ತಿ ಆಗೇತಿ, ಹ್ಯಾಂಗ್ ಆಗೇತಿ, ನೋಡಾಕತ್ತೀನಿ" ಎಂದೆ. ಅಷ್ಟರಲ್ಲಿ ಎಂಟೂ ಓಣಿಯವರು ಸೇರಿದ್ದರು. ಇಂಥ ಹೊತ್ತಿನಲ್ಲಿ ಎಲ್ಲರಿಗೂ ಒಂದೇ ವಿದ್ಯೆ ಬರುತ್ತದೆ. ಆಫ್ ಮಾಡಿ ಆನ್ ಮಾಡು ಎಂದು ಇಪ್ಪತ್ತು ಜನ ಹೇಳಿದರು. ಎಣ್ಣೆ ಓಣಿಯ ಹಿರಿಯ ಮಹಾರುದ್ರಪ್ಪ ಎಲ್ಲರಿಗಿಂತ ಜೋರಾಗಿ ಹೇಳಿದರು. "ಎಂಟ ದಿನ ಹೋದ್ರ ಹೋಗ್ಲಿ. ಆಕಿಗೆ ನಾವ ಹೇಳೂಣು, ಹಿಂಗಿಂಗ ಮದುವಿ ಗೊತ್ತಾಗಿತ್ತಬೇ ಅಂತ. ಮುಂದಿನ ವಾರ ಮಾಡಿದ್ರಾತು."

ಸಂಗಪ್ಪ ರುಮಾಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕಮಾನಿನ ಬುಡಕ್ಕೆ ಕೂತಿದ್ದ. ಅವನು ಕುಂಬಾರ ಓಣಿಯವರು ನಿಂತಿದ್ದ ಕಡೆ ನೋಡಿದ. ಎಲ್ಲರೂ ಆ ಕಡೆ ನೋಡಿದರು. ಅಲ್ಲಿ ಚನಮಲ್ಲ, ಈರಮಲ್ಲ ಎಂಬ ಅಣ್ಣತಮ್ಮಂದಿರು ಆ ತುದಿಗೊಬ್ಬ ಈ ತುದಿಗೊಬ್ಬ ನಿಂತಿದ್ದರು. ವೀರಸಂಗಯ್ಯನವರ ಕಾಲದಲ್ಲಿ ಕುಂಬಾರ ಓಣಿ ಹೀಗೇ ನಿಂತಾಗ ಕದ ಒಡೆದಿದ್ದರು. ಹನ್ನೆರಡು ದಿನ ಹೋಯಿತು. ಆ ಹನ್ನೆರಡು ದಿನದಲ್ಲಿ ಈ ಇಬ್ಬರೂ ಇಪ್ಪತ್ತು ವರ್ಷದ ಜಗಳ ಬಿಟ್ಟು ಒಂದೇ ತಾಟಿನಲ್ಲಿ ಉಂಡಿದ್ದರು, ಹೊರಗಿನವರೆಲ್ಲ ಕಂಡಿದ್ದರು. ಓಣಿ ಎದ್ದ ಮೇಲೆ ಊರಿಗೆ ಊರೇ ಹೇಳಿತು, ನೀವು ಒಂದಾಗಿದ್ದಿರಿ ಅಂತ. ಅವರು ನಂಬಲಿಲ್ಲ. ಯಾರೋ ಹೇಳಿದರೆಂದು ಮನಸ್ಸು ಕರಗುತ್ತದೆಯೇ. ಇವತ್ತಿಗೂ ಮಾತಿಲ್ಲ.

"ಆಕಿ ಹೂಂ ಅನ್ನಾಕ ಹನ್ನೊಂದ ವರ್ಷ ಹಿಡೀತು, ಗುರುಪಾದ" ಎಂದ ಸಂಗಪ್ಪ. "ಇನ್ನೊಂದ ಹನ್ನೊಂದ ನನ್ನ ಹಂತ್ಯಾಕ ಇಲ್ಲ." ಕೋಪವಿರಲಿಲ್ಲ ಆ ಮಾತಿನಲ್ಲಿ. ಕೋಪವಿದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ನಾನು ಮತ್ತೆ ಯಂತ್ರದ ಮನೆಗೆ ಹೋಗಿ ಕೂತೆ. ಹಿಂದೆಯೇ ಹುಸೇನಬಿ ಬಂದರು. ಚಾಪೆ ಓಣಿಯ ಹಿರಿಯಳು, ಎಪ್ಪತ್ತು ದಾಟಿದೆ, ಕೈ ಆಡಿಸುತ್ತಲೇ ಇರುವ ಹೆಂಗಸು. ಆಗಲೂ ಕೈಯಲ್ಲಿ ಅರ್ಧ ನೇಯ್ದ ಬೀಸಣಿಗೆ ಇತ್ತು. ಅಕ್ಷರ ಬಾರದು. ಗೋಡೆಯ ಮೇಲಿನ ಬರಹ ತೋರಿಸಿ, ಏನು ಬರೆದಿದೆ ಎಂದು ಕೇಳಿದರು. ಓದಿ ಹೇಳಿದೆ.

"ನೀ ಎಷ್ಟ ತೆಗೆದಿಟ್ಟಿದ್ದೀ?" ಎಂದರು.

"ಒಂದ."

"ಉಳದದ್ದು?"

"ಅಕ್ಕಗ ಹಾಕೀನಬೇ. ಮುಯ್ಯಿ ಅಂತ."

ಅವರು ಸ್ವಲ್ಪ ಹೊತ್ತು ಬೀಸಣಿಗೆ ನೇಯ್ದರು. "ಬಡಸಾಕಿ ಹಸದ ಬಿದ್ರ ಪಂಕ್ತಿ ಅರ್ಧಕ್ಕ ನಿಂದರ್ತೈತಿ. ಇದಕ ಅಷ್ಟ ದಪ್ಪನ ಪುಸ್ತಕ ಬೇಕೇನು?" ಎಂದರು. "ಈಗ ಆಕಿಗೆ ಉಣ್ಣಾಕ ಎಲ್ಲಿಂದ ತರ್ತೀ?"

ಆ ಪ್ರಶ್ನೆಗೆ ಉತ್ತರ ನನಗೆ ಬೆಳಿಗ್ಗೆಯೇ ಗೊತ್ತಿತ್ತು, ಕೇಳುವ ಮುಖವಿರಲಿಲ್ಲ. ಎಂಟೂ ಓಣಿಯವರು ಒಲೆ ಆರಿಸಿ, ಹೊರಗೆ ಬಂದು, ತಾವೇ ಅಗಳಿ ಎಳೆದು ಓಣಿ ಮುಚ್ಚಿದರೆ, ಒಂದೊಂದು ಓಣಿಯಿಂದ ಎರಡೆರಡು ಪಾಲು ಯಂತ್ರಕ್ಕೆ ಬಿಡುವಾಗುತ್ತದೆ. ಒಂದೆರಡು ಓಣಿ ಸಾಲದು. ಹಸಿದಾಗ ಒಂದು ರೊಟ್ಟಿ ಸಾಕಾಗುತ್ತಿತ್ತು, ಬಿದ್ದ ಮೇಲೆ ಎತ್ತಿ ಕೂರಿಸಲು ಬೇರೆಯೇ ಬೇಕಲ್ಲ. ಆದರೆ ಓಣಿ ಮುಚ್ಚುವುದೆಂದರೆ ಸಣ್ಣ ಮಾತಲ್ಲ. ಮುಚ್ಚಿದ್ದನ್ನು ತೆರೆಯುವವನು ನಾನು. ಬೆಳಿಗ್ಗೆ ಒಂದು ಓಣಿ ನಿಲ್ಲಿಸಿ ಕೂತವನ ಕೈಗೆ ಇನ್ನೆಂಟು ಕೊಡಿ ಎಂದು ಕೇಳಬೇಕಿತ್ತು.

"ಹೊರಗ ಬಂದ ಹೇಳು" ಎಂದರು ಹುಸೇನಬಿ. "ಯಾಕ ಅಂತ ಗೊತ್ತಾಗದ ಯಾರೂ ಉರಿಯೂ ಒಲಿ ಆರ್ಸಂಗಿಲ್ಲ."

ಹುಣಸೆಮರದ ಕೆಳಗೆ ನಿಂತು ಹೇಳಿದೆ. ಯಂತ್ರದ ಪಾಲಿಗೆ ಕೈ ಹಾಕಿದವನು ನಾನು, ಅದಕ್ಕೇ ಹೀಗಾಯಿತು, ನಿಮ್ಮ ಓಣಿ ಮುಚ್ಚಿಕೊಟ್ಟರೆ ಸೂಜಿ ಓಣಿಯನ್ನು ಇದ್ದಂತೆಯೇ ಎಬ್ಬಿಸಬಹುದು ಎಂದೆ. ಕರಿ ಗುಂಡಿಯ ಮಾತು ಆಗಲೂ ಬಾಯಿಗೆ ಬರಲಿಲ್ಲ. ಮಹಾರುದ್ರಪ್ಪ, "ನಿನ್ನ ತಪ್ಪಿಗೆ ನಾವ್ಯಾಕ ಒಲಿ ಆರಸ್ಬೇಕು?" ಎಂದು ಕೇಳಿದರು. ಕೇಳಬೇಕಾದ ಮಾತೇ.

ಹುಸೇನಬಿ ಭಾಷಣ ಮಾಡುವವರಲ್ಲ. ಬೀಸಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಮ್ಮ ಕಮಾನಿನೊಳಗೆ ಹೋದರು. ಮುಕ್ಕಾಲು ಗಂಟೆಯ ಮೇಲೆ ಚಾಪೆ ಓಣಿಯವರು ಸಾಲಾಗಿ ಹೊರಗೆ ಬಂದರು, ತಲೆಯ ಮೇಲೆ ಚಾಪೆ ಸುರುಳಿ, ಕಂಕುಳಲ್ಲಿ ಮಕ್ಕಳು, ಕೋಳಿಗಳು. ಕೊನೆಗೆ ಹುಸೇನಬಿ ಬಂದರು. ಅವರ ಹಿಂದೆ ಕಮಾನು ಕತ್ತಲಾಯಿತು. ಬಂದವರು ಮರದ ಕೆಳಗೆ ಚಾಪೆ ಹಾಸಿ ಕೂತರು. ಆಮೇಲೆ ಹತ್ತಿ ಓಣಿ. ಆಮೇಲೆ ಕುಂಬಾರ ಓಣಿ. ಸುಡದ ಗಡಿಗೆ ಒಳಗೆ ಬಿಡಲು ಮನಸ್ಸಾಗದೆ ಮರದ ಹಲಗೆಯ ಮೇಲಿಟ್ಟು ಹೊತ್ತು ತಂದರು. ಒಂದು ಹಲಗೆಯ ಈ ತುದಿ ಚನಮಲ್ಲನ ಹೆಗಲ ಮೇಲೆ, ಆ ತುದಿ ಈರಮಲ್ಲನ ಹೆಗಲ ಮೇಲೆ ಇತ್ತು. ಇಳಿಸಿದ ಮೇಲೆ ಇಬ್ಬರೂ ಮತ್ತೆ ದೂರ ಹೋದರು.

ಮಧ್ಯಾಹ್ನ ಕಳೆಯಿತು. ಒಂದೊಂದು ಕಮಾನು ಕತ್ತಲಾದಂತೆ ನಾನು ಓಡಿಹೋಗಿ ಕೆಂಪು ದೀಪ ನೋಡಿ ಬರುತ್ತಿದ್ದೆ. ನಾಲ್ಕನೆಯ ಓಣಿಗೆ ಅದು ಒಮ್ಮೆ ಮಿಟುಕಿತು. ಏಳನೆಯದಕ್ಕೆ ಬಾಣ ಕದಲಿತು. ಐದು ಗಂಟೆಗೆ ಎಣ್ಣೆ ಓಣಿಯವರೂ ಬಂದರು. ಕೊನೆಗೆ ಬಂದ ಮಹಾರುದ್ರಪ್ಪನವರ ಕೈಯಲ್ಲಿ ಅಗಳಿಯ ಹಿಡಿ ಇತ್ತು. ಮೂವತ್ತು ವರ್ಷ ಎಳೆಯದಿದ್ದದ್ದನ್ನು ಎಳೆದಾಗ ಕಿತ್ತು ಬಂದಿತ್ತಂತೆ. "ಓಣಿ ಮುಚ್ಚೇತಿ. ಇದನ್ನ ಮಾತ್ರ ನೀ ಮಾಡಿಸಿಕೊಡ್ಬೇಕು" ಎಂದು ನನ್ನ ಕೈಗಿಟ್ಟರು. ಜೇಬಿಗೆ ಹಾಕಿಕೊಂಡೆ.

ಯಂತ್ರದ ಮುಂದೆ ಕೂತಾಗ ಪರದೆಯ ಮೇಲೆ ಒಂದು ಪ್ರಶ್ನೆ ನಿಂತಿತ್ತು. ಸೂಜಿ ಓಣಿಯ ಕದ ಒಡೆಯಲೇ? ಹೌದು, ಬೇಡ. ಬೆಳಿಗ್ಗೆ ನಾನು ಒತ್ತಿದ್ದು ಈಗ ಯಂತ್ರಕ್ಕೆ ಕೇಳಿಸಿತ್ತು. ಪುಣ್ಯಕ್ಕೆ ಅದು ಕೇಳಿಯೇ ಮಾಡುವ ಯಂತ್ರ. ಬಾಣವನ್ನು 'ಬೇಡ'ದ ಮೇಲೆ ಇಟ್ಟು, ಇಟ್ಟಿದ್ದೇನೆಯೇ ಎಂದು ಮೂರು ಸಲ ನೋಡಿ ಒತ್ತಿದೆ. ಪ್ರಶ್ನೆ ಹೋಯಿತು.

ಇನ್ನು ಸೂಜಿ ಓಣಿಯ ಪಾಲು ಇಳಿಸಬೇಕು. ಹದಿನೈದಕ್ಕೆ ಹರಡಿಕೊಂಡು ಎಪ್ಪತ್ತು ಜನ, ಅಷ್ಟುದ್ದ ಚಪ್ಪರ, ಕುದಿಯುವ ಕಡಾಯಿ ಇರುವಾಗ ಪಾಲು ಕಿತ್ತರೆ ಎಲ್ಲಿ ಏನು ಯಾರ ಮೇಲೆ ಬೀಳುತ್ತದೋ ಹೇಳಲಾಗದು. ಮೊದಲು ಜನ ಹೊರಗೆ ಬರಬೇಕು. ಓಣಿ ಮುಚ್ಚುವ ಅಗಳಿ ಕೊನೆಯ ಮನೆಯದು, ಕೊನೆಯ ಮನೆ ನೀಲಕ್ಕನದು. ಹಸೆಯ ಮೇಲೆ ಕೂತ ಹೆಣ್ಣು ಅಕ್ಕಿಕಾಳು ಬೀಳುವ ಮುಂಚೆ ಏಳಬಾರದು ಎಂಬುದು ಊರಿಗೆಲ್ಲ ಗೊತ್ತಿರುವ ಮಾತು. ಹಸಿರು ಗುಂಡಿ ಒತ್ತಿದೆ.

ಬಯಲಿನವರೆಲ್ಲ ಕಮಾನಿನ ಮುಂದೆ ಸೇರಿದ್ದರು. ಮೊದಲು ಸೌಟಿನ ಹುಗ್ಗಿ ಬಿತ್ತು. ಆಮೇಲೆ ಒಳಗಿನ ಹಾಡು ನಿಂತ ಪದದಿಂದಲೇ ಶುರುವಾಯಿತು. ನೀಲಕ್ಕನ ಮುಖ ಬೆಳಿಗ್ಗೆ ತಿರುಗಲು ಹೊರಟಿದ್ದ ಅಷ್ಟನ್ನು ತಿರುಗಿ ಮುಗಿಸಿತು. ಹಲಗೆ ಬಾರಿಸಿಕೊಂಡು ಬರುವ ಮದುಮಗನನ್ನು ನೋಡಲು ತಿರುಗಿದವಳಿಗೆ ಕಂಡದ್ದು ಬರಿತಲೆಯಲ್ಲಿ ನೆಲಕ್ಕೆ ಕೂತ ಸಂಗಪ್ಪ, ಚಾಪೆ ಹಾಸಿಕೊಂಡ ಊರು, ಪಡುವಣಕ್ಕೆ ಇಳಿದ ಬಿಸಿಲು. ಅವಳ ಮನೆಯೊಳಗಿನಿಂದ ಗಂಟೆ ಬಾರಿಸಿತು. ಪಕ್ಕದ ಹೆಂಗಸರು ಅವಳ ಭುಜ ಹಿಡಿದು ಕೂರಿಸಲು ನೋಡಿದರು. ನೀಲಕ್ಕ ಭುಜ ಬಿಡಿಸಿಕೊಂಡು ಎದ್ದಳು.

ಎಪ್ಪತ್ತು ಜನ ಹೊರಗೆ ಬರಲು ಅರ್ಧ ಗಂಟೆ ಹಿಡಿಯಿತು. ಹುಗ್ಗಿಯ ಕಡಾಯಿಯನ್ನು ಬಿದಿರು ತೂರಿಸಿ ನಾಲ್ಕು ಜನ ಹೊತ್ತು ತಂದರು. ಎಲ್ಲರ ಹಿಂದೆ ನೀಲಕ್ಕ ಬಂದಳು, ಸೆರಗಿಗೆ ಮಸಿ, ಕೆನ್ನೆಗೆ ಅರಿಶಿನ. ಅವಳ ಹಿಂದೆ ಒಂಬತ್ತನೆಯ ಕಮಾನೂ ಕತ್ತಲಾಯಿತು. ನಾನು ಒಳಗೆ ಹೋಗಿ ಎಲ್ಲ ಓಣಿಗೂ ಮೂರು, ಯಂತ್ರಕ್ಕೆ ಐದು ಎಂದು ಬರೆದು, ಗೋಡೆಯ ಸಾಲನ್ನು ಇನ್ನೊಮ್ಮೆ ಓದಿ, ಬರೆದದ್ದನ್ನು ಯಂತ್ರದಲ್ಲಿ ಉಳಿಸಿ ಹೊರಗೆ ಬಂದೆ.

"ಆತೇನು?" ಎಂದಳು ಅಕ್ಕ.

"ಆತು. ಓಣಿ ತೆರಿಯಾಕ ಇನ್ನೊಂದ ತಾಸ ಬೇಕು."

ಅವಳು ಸೂರ್ಯನ ಕಡೆ ನೋಡಿದಳು. ಮುಳುಗಲು ಮಾರು ಹೊತ್ತು ಉಳಿದಿತ್ತು. ಒಂದು ತಾಸಿಗೆ ಪೂರ್ತಿ ಕತ್ತಲಾಗುತ್ತದೆ. ಓಣಿಯೊಳಗಿನ ಹೊತ್ತನ್ನು ನಾನು ಹಿಂದೆ ಮುಂದೆ ಮಾಡಬಲ್ಲೆ, ಬಯಲಿನ ಸೂರ್ಯ ಯಾರ ಮಾತೂ ಕೇಳುವುದಿಲ್ಲ.

"ಹಂಗಾರ ಇಲ್ಲೇ ಆಗ್ಲಿ" ಎಂದಳು.

ಬಯಲಿನಲ್ಲಿ ಯಾರ ಮದುವೆಯೂ ಆಗಿರಲಿಲ್ಲ. ನನಗೆ ನನ್ನ ಕಸುಬಿನ ಚಿಂತೆ. "ಅಕ್ಕಾ, ಹೊರಗ ಆಗಿದ್ದು ಪ್ರತಿಯೊಳಗ ಬರೂದಿಲ್ಲ. ಕೆಟ್ರ ಹಿಂದಕ ತರಾಕ ಆಗೂದಿಲ್ಲ" ಎಂದೆ.

"ತರೂದು ಬ್ಯಾಡ" ಎಂದಳು. ಆಮೇಲೆ ಕತ್ತಲಾದ ಕಮಾನುಗಳನ್ನು, ಚಾಪೆಯ ಮೇಲಿನ ಮಕ್ಕಳನ್ನು, ಕುಂಬಾರರ ಹಸಿ ಗಡಿಗೆಗಳನ್ನು ಒಂದೊಂದಾಗಿ ನೋಡಿ, ನನ್ನ ಮುಖ ನೋಡಿದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ನನ್ನನ್ನು ಎತ್ತಿ ಆಡಿಸಿದವಳು. "ಕದಾ ಒಡಿಯಾಕ ಹೋಗಿದ್ದೇನು?"

ಊರೆಲ್ಲ ಕೇಳುತ್ತಿತ್ತು. ಸಂಗಪ್ಪನೂ ಕೇಳುತ್ತಿದ್ದ.

"ಒತ್ತಿದ್ನಿ ಅಕ್ಕಾ. ಒಂದ ಸಲ. ಯಂತ್ರಕ್ಕ ಕೇಳಿಸಿದ್ದಿಲ್ಲ."

"ಕೇಳಿಸಿದ್ರ ನಾ ಅಮಾಸಿ ದಿನಕ್ಕ ಹೋಗಿರ್ತಿದ್ನಿ."

"ಹೌದು."

"ನೀ ಅಡಗಿಮನ್ಯಾಗ ಬಂದು ಹೇಳಿದ್ದು ನನಗ ಗೊತ್ತ ಇರ್ತಿದ್ದಿಲ್ಲ. ಮತ್ತ ಬಂದು ಹೇಳ್ಬೇಕಾಗ್ತಿತ್ತು."

"ಹೇಳ್ತಿದ್ನಿ."

"ಹಂಗಾರ ಈಗ ಹೇಳು" ಎಂದಳು. "ಅವತ್ತ ನಾ ಒಬ್ಬಾಕಿ ಕೇಳೀನಿ. ಅದೂ ಕದಾ ಮುಂದ ಮಾಡಿ ಹೇಳಿದ್ದಿ."

ಅವಳು ಹೇಳಿದ ಮೇಲೆ ನನಗೆ ನೆನಪಾಯಿತು. ಅವತ್ತು ಅಡುಗೆಮನೆಗೆ ಹೋದವನು ಬಾಗಿಲು ಮುಂದೆ ಮಾಡಿಯೇ ಬಾಯಿ ತೆರೆದಿದ್ದೆ. ಯಾರೂ ಮುಚ್ಚು ಅಂದಿರಲಿಲ್ಲ. ಕತ್ತಲ ಮದುವೆ ಬೇಡವೆಂದು ಹೇಳಲು ಹೋದವನು ಆ ಮಾತನ್ನೂ ಕದ್ದೇ ಹೇಳಿ ಬಂದಿದ್ದೆ. ಅವಳು ಅದನ್ನು ಕಂಡೂ ಹೂಂ ಎಂದಿದ್ದಳು.

ಮರದ ಕೆಳಗಿನಿಂದ ಎರಡು ಹೆಜ್ಜೆ ಬಿಸಿಲಿಗೆ ಬಂದೆ. ಜೇಬಿನಲ್ಲಿ ಮಹಾರುದ್ರಪ್ಪನವರ ಅಗಳಿಯ ಹಿಡಿ ಕೈಗೆ ಸಿಕ್ಕಿತು, ಅದನ್ನೇ ಹಿಡಿದುಕೊಂಡೆ. ಹನ್ನೊಂದು ವರ್ಷದ ಹಿಂದೆ ಸಂಗಪ್ಪನವರು ಬಂದು ಕೇಳಿದ್ದನ್ನು ಹೇಳಿದೆ, ನಾನು ಅವರನ್ನು ತಟ್ಟಿನ ಮೇಲೇ ನಿಲ್ಲಿಸಿ ಕಳಿಸಿದ್ದನ್ನು ಹೇಳಿದೆ. ನನ್ನ ಅಕ್ಕ ಕಳವು ಮಾಡುವವಳಲ್ಲ, ಅವಳನ್ನು ಹಿತ್ತಲ ಬಾಗಿಲಿಗೆ ಕಳಿಸಲು ನೋಡಿದವನು ನಾನು, ಅದು ತಪ್ಪು, ಜನ ಆಡಿಕೊಂಡಾರೆಂದು ಅಂಜಿ ಮಾಡಿದ ತಪ್ಪು ಎಂದೆ. ಕುಂಬಾರ ಓಣಿಯವರಿಗೆ ಕೇಳಲಿಲ್ಲವೆಂದು ಹುಸೇನಬಿ ಮತ್ತೊಮ್ಮೆ ಹೇಳಿಸಿದರು. ಮತ್ತೊಮ್ಮೆ ಹೇಳಿದೆ.

ನೀಲಕ್ಕ ಕೇಳಿ ಮುಗಿಸಿ, ಸೆರಗು ಸರಿಮಾಡಿಕೊಂಡು ಚಾಪೆಯ ಮೇಲೆ ಸಂಗಪ್ಪನ ಪಕ್ಕ ಕೂತಳು. ಅವನ ಮಡಿಲಿನ ರುಮಾಲು ತೆಗೆದು ಅವನ ಬಿಳಿ ತಲೆಗೆ ತಾನೇ ಸುತ್ತಿದಳು. ಮಹಾರುದ್ರಪ್ಪನವರು ತಮ್ಮ ಮನೆಯ ಅಕ್ಕಿಚೀಲ ಬಿಚ್ಚಿ ಎಲ್ಲರ ಬೊಗಸೆಗೂ ಸುರಿದರು, ನನ್ನ ಬೊಗಸೆಗೂ ಸುರಿದರು.

"ಇನ್ನೂ ಬಿಸಲ ಐತಿ" ಎಂದಳು ಅಕ್ಕ. "ಹಾಕ್ರಿ."

ಹಾಕಿದೆವು.